ಆರ್ದ್ರಾ ಮಳೆಯ ದಿನಗಳಲ್ಲಿ ಆರ್ದ್ರಾ ನಕ್ಷತ್ರ ಎಲ್ಲಿರುತ್ತದೆ?

ಓದುಗರ ಪ್ರಶ್ನೆ – ಅಂಕಣಕಾರರ ಉತ್ತರ

ಮಳೆಗಾಲ ಹಿಂದೆ ಸರಿದು ಕರಾವಳಿಯ ಆಕಾಶ ತಿಳಿಯಾದ ಮೇಲೆ ಉಡುಪಿ, ಮಂಗಳೂರು ಕಡೆಗಳಿಂದ ಬಂದ ಪತ್ರಗಳಲ್ಲಿ ಐದು ಪತ್ರಗಳು ನಕ್ಷತ್ರ ವೀಕ್ಷಣೆಗೆ ಸಂಬಂಧಿಸಿದ್ದವು. ಬರೆದವರೆಲ್ಲರೂ ಈಚೆಗೆ ಆಕಾಶ ನೋಡಲು ತೊಡಗಿದವರು. ಈ ಸಂಚಿಕೆಯ ಅಂಕಣವನ್ನು ಅವರಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ಬ್ರಹ್ಮಾವರದ ಸಮೀಪದ ಹಳ್ಳಿಯವಳು, ನಿವೃತ್ತ ಶಿಕ್ಷಕಿ. ಕಾರ್ತಿಕ ಮಾಸದ ಒಂದು ಸಂಜೆ ತುಳಸಿಕಟ್ಟೆಗೆ ದೀಪವಿಟ್ಟು ತಲೆಯೆತ್ತಿದಾಗ, ಇಷ್ಟು ವರ್ಷ ಮಕ್ಕಳಿಗೆ ಸೌರವ್ಯೂಹದ ಪಾಠ ಮಾಡಿದ ನನಗೆ ಒಂದು ನಕ್ಷತ್ರದ ಗುರುತೂ ಇಲ್ಲವಲ್ಲ ಎಂದು ಮನಸ್ಸಿಗೆ ತಟ್ಟಿತು. ಅಂದಿನಿಂದ ಪ್ರತಿ ರಾತ್ರಿ ಎಂಟು ಗಂಟೆಗೆ ಅಂಗಳದಲ್ಲಿ ಅರ್ಧ ಗಂಟೆ ನಿಲ್ಲುತ್ತಿದ್ದೇನೆ. ಮೊಬೈಲಿನ ಆ್ಯಪ್ ಒಮ್ಮೆಗೇ ನೂರಾರು ಹೆಸರುಗಳನ್ನು ತೋರಿಸಿ ಗಲಿಬಿಲಿ ಮಾಡಿದ್ದರಿಂದ ಅದನ್ನು ಬಿಟ್ಟುಬಿಟ್ಟೆ. ಎರಡು ತಿಂಗಳಲ್ಲಿ ಕೃತ್ತಿಕೆ, ರೋಹಿಣಿ, ಬೇಟೆಗಾರನ ಆಕಾರದ ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ನಡುಪಟ್ಟಿಯ ಮೂರು ನಕ್ಷತ್ರಗಳು ಗುರುತಾಗಿವೆ. ನಮ್ಮ ಅತ್ತೆಯವರಿಗೆ ಮಳೆಗಳ ಹೆಸರೆಲ್ಲ ಬಾಯಿಪಾಠ. ಆರಿದ್ರಾ ಮಳೆಗೆ ಹೆಸರು ಕೊಟ್ಟ ನಕ್ಷತ್ರ ಯಾವುದು? ಜೂನ್ ತಿಂಗಳಲ್ಲಿ ಮಳೆ ಬಿಟ್ಟ ರಾತ್ರಿ ಹುಡುಕಿದರೆ ಅದು ಸಿಗುತ್ತದೆಯೇ?

ಉತ್ತರ: ಸಿಗುವುದಿಲ್ಲ. ಮೋಡವೆಲ್ಲ ಚದುರಿ ಆಕಾಶ ತೊಳೆದಿಟ್ಟಂತಿದ್ದರೂ ಆ ದಿನಗಳಲ್ಲಿ ಆರ್ದ್ರಾ ನಕ್ಷತ್ರ ಕಾಣುವುದಿಲ್ಲ. ಸೂರ್ಯನು ಆ ನಕ್ಷತ್ರದ ದಿಕ್ಕಿನಲ್ಲಿ ಇರುವುದರಿಂದಲೇ ಆ ಮಳೆಗೆ ಆ ಹೆಸರು. ಭೂಮಿ ಸೂರ್ಯನನ್ನು ಸುತ್ತುತ್ತಿರುವ ಕಾರಣ, ನಮ್ಮ ಕಣ್ಣಿಗೆ ಸೂರ್ಯನೇ ನಕ್ಷತ್ರಗಳ ನಡುವೆ ದಿನಕ್ಕೆ ಸುಮಾರು ಒಂದು ಡಿಗ್ರಿಯಂತೆ ಪೂರ್ವಕ್ಕೆ ಸರಿಯುತ್ತ ವರ್ಷಕ್ಕೊಂದು ಸುತ್ತು ಹಾಕುವಂತೆ ತೋರುತ್ತದೆ. 360 ಡಿಗ್ರಿಯ ಈ ದಾರಿಯನ್ನು ಹಿರಿಯರು 27 ಸಮಭಾಗ ಮಾಡಿ ಒಂದೊಂದಕ್ಕೆ ಒಂದು ನಕ್ಷತ್ರದ ಹೆಸರಿಟ್ಟರು. ಒಂದು ಭಾಗಕ್ಕೆ 13 ಡಿಗ್ರಿ 20 ನಿಮಿಷ (ಇಲ್ಲಿ ನಿಮಿಷವೆಂದರೆ ಡಿಗ್ರಿಯ ಅರವತ್ತನೆಯ ಒಂದು ಭಾಗ) ಬರುತ್ತದೆ; ಅದನ್ನು ದಾಟಲು ಸೂರ್ಯನಿಗೆ ಹದಿಮೂರು-ಹದಿನಾಲ್ಕು ದಿನ ಬೇಕು. ನಿಮ್ಮ ಅತ್ತೆಯವರು ಹೇಳುವ ಒಂದೊಂದು ಮಳೆಗೂ ಅಷ್ಟೇ ದಿನಗಳ ಅವಧಿ ಇರುವುದು ಈ ಲೆಕ್ಕದಿಂದ. ಮೇ ಕೊನೆಯ ವಾರ ಸೂರ್ಯ ರೋಹಿಣಿಗೆ, ಜೂನ್ 8ರ ಸುಮಾರಿಗೆ ಮೃಗಶಿರಕ್ಕೆ, ಜೂನ್ 22ರ ಸುಮಾರಿಗೆ ಆರ್ದ್ರಾಕ್ಕೆ ಬರುತ್ತಾನೆ. ಆಗ ಆ ನಕ್ಷತ್ರ ಸೂರ್ಯನೊಡನೆ ಹುಟ್ಟಿ ಸೂರ್ಯನೊಡನೆ ಮುಳುಗುವುದರಿಂದ ಹಗಲಿನ ಬೆಳಕಿನಲ್ಲಿ ಅಡಗಿರುತ್ತದೆ. ಸಮಭಾಗವಾಗಿ ಹಂಚಿದ ವಿಭಾಗ ಮತ್ತು ಆ ಹೆಸರಿನ ನಕ್ಷತ್ರ ಇವೆರಡೂ ಎಲ್ಲೆಡೆ ಕರಾರುವಾಕ್ಕಾಗಿ ಕೂಡುವುದಿಲ್ಲ, ಆದರೆ ಈ ವಿವರಣೆಗೆ ಅದರಿಂದ ಬಾಧೆಯಿಲ್ಲ.

ಹಾಗಾದರೆ ಆರ್ದ್ರಾವನ್ನು ನೋಡಬೇಕಾದದ್ದು ಯಾವಾಗ? ಆರು ತಿಂಗಳ ಅನಂತರ. ಡಿಸೆಂಬರ್ 20ರ ಆಸುಪಾಸಿನಲ್ಲಿ ಸೂರ್ಯ ಪಡುಗಡಲಿಗೆ ಇಳಿಯುವ ಹೊತ್ತಿಗೆ ಅದು ಮೂಡಣದಲ್ಲಿ ಏಳುತ್ತದೆ, ಇಡೀ ರಾತ್ರಿ ಆಕಾಶದಲ್ಲಿರುತ್ತದೆ. ನೀವು ಈಗಾಗಲೇ ಗುರುತಿಸಿರುವ ಮೂರು ನಕ್ಷತ್ರಗಳ ನಡುಪಟ್ಟಿಯೇ ಅದಕ್ಕೆ ದಾರಿ. ಜನವರಿಯ ರಾತ್ರಿ ಎಂಟಕ್ಕೆ ಪೂರ್ವಕ್ಕೆ ಮುಖ ಮಾಡಿ ನಿಂತರೆ ಆ ಪಟ್ಟಿಯ ಎಡಗಡೆ, ಅಂದರೆ ಉತ್ತರಕ್ಕೆ, ಕೆಂಡದ ಬಣ್ಣದ ಒಂದು ದೊಡ್ಡ ನಕ್ಷತ್ರವಿದೆ. ಬಲಗಡೆ ಅಷ್ಟೇ ದೂರದಲ್ಲಿ ನೀಲಿ ಬಿಳುಪಿನ ಇನ್ನೊಂದಿದೆ. ಕೆಂಪಗಿರುವುದೇ ಆರ್ದ್ರಾ, ಪಾಶ್ಚಾತ್ಯರು ಬೀಟಲ್‌ಜ್ಯೂಸ್ ಎನ್ನುವ ನಕ್ಷತ್ರ. ನಡುಪಟ್ಟಿಯ ಗೆರೆಯನ್ನು ಮೇಲಕ್ಕೆ ಬೆಳೆಸಿದರೆ ರೋಹಿಣಿಯ ಬಳಿಗೆ, ಕೆಳಕ್ಕೆ ಬೆಳೆಸಿದರೆ ಇಡೀ ಆಕಾಶದಲ್ಲಿ ಅತ್ಯಂತ ಪ್ರಕಾಶಮಾನವಾದ ನಕ್ಷತ್ರವಾದ ಲುಬ್ಧಕದ ಬಳಿಗೆ ಹೋಗುತ್ತೀರಿ. ಆರ್ದ್ರಾ ಮತ್ತು ಅದರ ಪಕ್ಕದ ಭುಜದ ನಕ್ಷತ್ರದ ನಡುವೆ ಸ್ವಲ್ಪ ಆಚೆಗೆ ಮಂಕಾದ ಮೂರು ಚುಕ್ಕಿಗಳ ಪುಟ್ಟ ಗುಂಪು ಇದೆಯಲ್ಲ, ಅದು ಮೃಗಶಿರ. ಒಂದೇ ವ್ಯಾಧನ ಮೈಯಲ್ಲಿ ಎರಡು ಮಳೆಗಳ ಹೆಸರು ಸಿಕ್ಕಿದಂತಾಯಿತು.

ಕೃತ್ತಿಕೆ ನಿಮಗೆ ಮೊದಲು ಗುರುತಾದುದಕ್ಕೂ ಕಾರಣವಿದೆ. ಮಳೆಗೆ ಹೆಸರು ಬರುವುದು ಸೂರ್ಯನಿರುವ ನಕ್ಷತ್ರದಿಂದ. ಚಾಂದ್ರಮಾಸಕ್ಕೆ ಹೆಸರು ಬರುವುದು ಹುಣ್ಣಿಮೆಯ ಚಂದ್ರನಿರುವ ನಕ್ಷತ್ರದಿಂದ. ಹುಣ್ಣಿಮೆಯ ಚಂದ್ರ ಸೂರ್ಯನಿಗೆ ನೇರ ಎದುರು ಇರುತ್ತಾನೆ. ಕಾರ್ತಿಕ ಹುಣ್ಣಿಮೆಯ ಚಂದ್ರ ಕೃತ್ತಿಕೆಯ ಆಸುಪಾಸಿನಲ್ಲಿರುವುದರಿಂದ ಆ ತಿಂಗಳು ಕೃತ್ತಿಕೆ ಸಂಜೆಗೆ ಹುಟ್ಟಿ ರಾತ್ರಿಯಿಡೀ ಕಾಣುತ್ತದೆ. ನೀವು ದೀಪವಿಟ್ಟು ತಲೆಯೆತ್ತಿದಾಗ ಮೂಡಣದಲ್ಲಿ ಅದೇ ಇತ್ತು. ಮಾರ್ಗಶಿರಕ್ಕೆ ಮೃಗಶಿರ, ಮಾಘಕ್ಕೆ ಮಘಾ, ಚೈತ್ರಕ್ಕೆ ಚಿತ್ತಾ, ವೈಶಾಖಕ್ಕೆ ವಿಶಾಖಾ ಹೀಗೆ ಮುಂದಿನ ತಿಂಗಳುಗಳ ಹೆಸರನ್ನೇ ಹಿಡಿದು ನೀವು ಆಯಾ ನಕ್ಷತ್ರವನ್ನು ಹುಡುಕಬಹುದು. ತುಳುನಾಡಿನ ಪಗ್ಗು, ಬೇಶ, ಕಾರ್ತೆಲ್ ತಿಂಗಳುಗಳು ಸೌರಮಾನದವು. ಅವು ಸಂಕ್ರಮಣದಿಂದ ಸಂಕ್ರಮಣಕ್ಕೆ, ಸೂರ್ಯನ ರಾಶಿಯನ್ನು ಅನುಸರಿಸಿ ನಡೆಯುತ್ತವೆ. ಹೀಗೆ ಒಂದೇ ಮನೆಯಲ್ಲಿ ಅತ್ತೆಯವರ ಮಳೆ ನಕ್ಷತ್ರ, ಗೋಡೆಯ ಕ್ಯಾಲೆಂಡರಿನ ಚಾಂದ್ರಮಾಸ, ಊರಿನ ತುಳು ತಿಂಗಳು ಮೂರೂ ಬಳಕೆಯಲ್ಲಿವೆ, ಮೂರೂ ಆಕಾಶವನ್ನು ನೋಡಿಯೇ ಹುಟ್ಟಿದವು. ಆ್ಯಪ್ ಬಿಟ್ಟದ್ದು ಒಳ್ಳೆಯದೇ ಆಯಿತು ಎನ್ನುತ್ತೇನೆ. ನೀವೇ ಗುರುತಿಸಿದ್ದು ಸರಿಯೇ ಎಂದು ಕೊನೆಯಲ್ಲಿ ತಾಳೆ ನೋಡಲು ಮಾತ್ರ ಅದನ್ನು ಇಟ್ಟುಕೊಳ್ಳಿ.

ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ನಿಲ್ಲುವ ನಿಮ್ಮ ಕ್ರಮವನ್ನು ಬಿಡಬೇಡಿ. ನಕ್ಷತ್ರವೊಂದು ದಿನಕ್ಕೆ ಸುಮಾರು ನಾಲ್ಕು ನಿಮಿಷ ಮುಂಚಿತವಾಗಿ ಹುಟ್ಟುತ್ತದೆ; ಹದಿನೈದು ದಿನಕ್ಕೆ ಒಂದು ಗಂಟೆ, ತಿಂಗಳಿಗೆ ಎರಡು ಗಂಟೆ. ಇಂದು ಎಂಟು ಗಂಟೆಗೆ ತೆಂಗಿನ ಗರಿಯ ತುದಿಯಲ್ಲಿ ಕಂಡ ರೋಹಿಣಿ ಹದಿನೈದು ದಿನಗಳ ಅನಂತರ ಏಳು ಗಂಟೆಗೇ ಅಲ್ಲಿರುತ್ತದೆ. ಇದನ್ನು ಪುಸ್ತಕದಲ್ಲಿ ಓದುವುದು ಬೇರೆ, ನಿಮ್ಮ ಅಂಗಳದ ತೆಂಗಿನ ಮರವನ್ನೇ ಅಳತೆಗೋಲಾಗಿಸಿಕೊಂಡು ದಿನಾಂಕ, ಗಂಟೆಗಳೊಂದಿಗೆ ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟು ಕಂಡುಕೊಳ್ಳುವುದು ಬೇರೆ. 2019ರ ಕೊನೆಯಲ್ಲಿ ಆರ್ದ್ರಾ ಮಂಕಾಗತೊಡಗಿ 2020ರ ಫೆಬ್ರವರಿಯ ಹೊತ್ತಿಗೆ ಬಹಳ ಕ್ಷೀಣಿಸಿದಾಗ, ನಾನು ನಮ್ಮ ಅಂಗಳದಿಂದ ಅದನ್ನು ರೋಹಿಣಿಯೊಡನೆ ಹೋಲಿಸಿ ದಿನದಿನವೂ ಬರೆದಿಡುತ್ತಿದ್ದೆ. ಸಾಮಾನ್ಯವಾಗಿ ರೋಹಿಣಿಗಿಂತ ಹೆಚ್ಚು ಬೆಳಗುವ ಆರ್ದ್ರಾ ಆಗ ರೋಹಿಣಿಗಿಂತ ಸ್ಪಷ್ಟವಾಗಿ ಮಂಕಾಗಿತ್ತು. ನಕ್ಷತ್ರದಿಂದ ಹೊರಚಿಮ್ಮಿದ ಅನಿಲ ತಣಿದು ಧೂಳಾಗಿ ಬೆಳಕಿಗೆ ಅಡ್ಡ ಬಂದದ್ದು ಅದಕ್ಕೆ ಮುಖ್ಯ ಕಾರಣವೆಂದು ವಿಜ್ಞಾನಿಗಳು ಆಮೇಲೆ ವಿವರಿಸಿದರು. ಸೂರ್ಯನ ಜಾಗದಲ್ಲಿಟ್ಟರೆ ಭೂಮಿಯ ಕಕ್ಷೆಯನ್ನೂ ನುಂಗಿ ಆಚೆಗೆ ಹೋಗುವಷ್ಟು ದೊಡ್ಡ ನಕ್ಷತ್ರವೊಂದರಲ್ಲಿ ನಡೆದ ಆ ಬದಲಾವಣೆಯನ್ನು ಯಾವ ಉಪಕರಣವೂ ಇಲ್ಲದೆ ಅಂಗಳದಲ್ಲಿ ನಿಂತು ಕಂಡ ಆ ಚಳಿಗಾಲವನ್ನು ನಾನು ಮರೆಯಲಾರೆ.

ಪ್ರಶ್ನೆ: ನಾನು ಮಂಗಳೂರಿನಲ್ಲಿ ಪದವಿ ಓದುತ್ತಿದ್ದೇನೆ. ಕದ್ರಿ ಕಡೆಯ ನಮ್ಮ ಫ್ಲಾಟಿನ ತಾರಸಿಯಿಂದ ಎಣಿಸಿದರೆ ಇಪ್ಪತ್ತು-ಇಪ್ಪತ್ತೈದು ನಕ್ಷತ್ರಗಳು ಮಾತ್ರ ಕಾಣುತ್ತವೆ. ಅಮಾವಾಸ್ಯೆಯ ರಾತ್ರಿ ಹಳ್ಳಿಗೆ ಹೋದರೆ ಮಾತ್ರ ಪ್ರಯೋಜನವೆಂದು ಗೆಳೆಯರು ಹೇಳುತ್ತಾರೆ. ನಗರದಲ್ಲಿದ್ದುಕೊಂಡು ಕಲಿಯಲು ಸಾಧ್ಯವೇ?

ಉತ್ತರ: ದಟ್ಟ ಕತ್ತಲೆಯ ಜಾಗದಲ್ಲಿ ಒಮ್ಮೆಗೆ ಎರಡೂವರೆ-ಮೂರು ಸಾವಿರ ನಕ್ಷತ್ರಗಳು ಬರಿಗಣ್ಣಿಗೆ ಕಾಣುತ್ತವೆ, ಹೊಸಬರು ಅಲ್ಲಿ ನಿಂತರೆ ಯಾವುದು ಯಾವುದೆಂದು ತಿಳಿಯದೆ ತೊಡಕಿಗೆ ಸಿಲುಕುತ್ತಾರೆ. ನಗರದ ಬೆಳಕು ಸೋಸಿ ಉಳಿಸಿದ ಆ ಇಪ್ಪತ್ತೈದೇ ಮುಖ್ಯ ನಕ್ಷತ್ರಗಳು. ಲುಬ್ಧಕ, ರೋಹಿಣಿ, ಆರ್ದ್ರಾ, ಪುನರ್ವಸುವಿನ ಜೋಡಿ, ಮಘಾ, ಚಿತ್ತಾ, ಸ್ವಾತಿ, ಜ್ಯೇಷ್ಠಾ, ಅಭಿಜಿತ್, ಶ್ರವಣ ಇವೆಲ್ಲವನ್ನೂ ಒಂದು ವರ್ಷದ ಅವಧಿಯಲ್ಲಿ ನಿಮ್ಮ ತಾರಸಿಯಿಂದಲೇ ಕಲಿಯಬಹುದು. ಗ್ರಹಗಳಿಗೂ ಚಂದ್ರನಿಗೂ ನಗರದ ಬೆಳಕಿನಿಂದ ಹೆಚ್ಚಿನ ತೊಂದರೆಯಿಲ್ಲ. ನಕ್ಷತ್ರ ಬಲು ದೂರದ ಚುಕ್ಕಿಯಾದ್ದರಿಂದ ಅದರ ಬೆಳಕು ಗಾಳಿಯ ಅಲುಗಾಟಕ್ಕೆ ಸಿಕ್ಕಿ ಮಿನುಗುತ್ತದೆ. ಗ್ರಹಕ್ಕೆ ಪುಟ್ಟದಾದರೂ ಬಿಂಬವಿರುವುದರಿಂದ ಅದು ಬಹುತೇಕ ಸ್ಥಿರವಾಗಿ ಬೆಳಗುತ್ತದೆ. ಈ ಒಂದು ಭೇದವನ್ನು ಕಣ್ಣಿಗೆ ರೂಢಿಸಿಕೊಳ್ಳಿ.

ಚಂದ್ರನ ವಿಷಯದಲ್ಲಿ ಗೆಳೆಯರ ಮಾತು ಅರ್ಧ ಸರಿ. ಮಂಕಾದ ನೀಹಾರಿಕೆಗಳನ್ನು ನೋಡಲು ಚಂದ್ರನಿಲ್ಲದ ಹೊತ್ತು ಬೇಕು, ಆದರೆ ಅದಕ್ಕೆ ಅಮಾವಾಸ್ಯೆಯೇ ಆಗಬೇಕಿಲ್ಲ. ಹುಣ್ಣಿಮೆಯ ಅನಂತರ ಚಂದ್ರ ದಿನಕ್ಕೆ ಸರಾಸರಿ ಐವತ್ತು ನಿಮಿಷ ತಡವಾಗಿ ಹುಟ್ಟುತ್ತಾನೆ. ಸಂಕಷ್ಟ ಚತುರ್ಥಿಯ ಉಪವಾಸ ಮಾಡುವವರು ಚಂದ್ರೋದಯಕ್ಕಾಗಿ ರಾತ್ರಿ ಒಂಬತ್ತರ ಸುಮಾರಿನ ತನಕ ಕಾಯುವುದನ್ನು ನೀವು ಕಂಡಿರುತ್ತೀರಿ. ಕೃಷ್ಣಪಕ್ಷದ ಅಷ್ಟಮಿಯ ಹೊತ್ತಿಗೆ ಚಂದ್ರೋದಯ ನಡುರಾತ್ರಿಗೆ ಸರಿಯುತ್ತದೆ. ಉಡುಪಿಯಲ್ಲಿ ಶ್ರೀಕೃಷ್ಣ ಜನ್ಮಾಷ್ಟಮಿಯ ಅರ್ಘ್ಯ ಪ್ರದಾನ ನಡುರಾತ್ರಿಯಲ್ಲಿ ನಡೆಯುವುದು ಆ ಚಂದ್ರೋದಯಕ್ಕೇ. ಆ ರಾತ್ರಿ ಮೋಡ ಬಿರಿದರೆ ಚಂದ್ರನ ಆಸುಪಾಸಿನಲ್ಲಿ ರೋಹಿಣಿಯನ್ನೂ ಕಾಣಬಹುದು. ತಿಥಿ ಎಂಬುದು ಸೂರ್ಯ ಮತ್ತು ಚಂದ್ರರ ನಡುವಿನ ಕೋನದ ಲೆಕ್ಕ, ಒಂದೊಂದು ತಿಥಿಗೆ 12 ಡಿಗ್ರಿ. ಕ್ಯಾಲೆಂಡರಿನಲ್ಲಿ ತಿಥಿ ನೋಡಿದ ಕೂಡಲೇ ಚಂದ್ರ ಯಾವ ಹೊತ್ತಿಗೆ ಎಲ್ಲಿರುತ್ತಾನೆಂದು ಹೇಳುವ ಅಭ್ಯಾಸ ಮಾಡಿಕೊಂಡರೆ ಬೇರೆ ಕೋಷ್ಟಕಗಳ ಅಗತ್ಯ ಬೀಳದು. ಚಂದ್ರನನ್ನೇ ನೋಡುವುದಾದರೆ ಶುಕ್ಲಪಕ್ಷದ ಸಪ್ತಮಿ, ಅಷ್ಟಮಿಗಳು ಉತ್ತಮ. ಬೆಳಕು-ಕತ್ತಲೆಗಳ ಗಡಿಯಲ್ಲಿ ಕುಳಿಗಳ ನೆರಳು ಉದ್ದವಾಗಿ ಬಿದ್ದು ಅವುಗಳ ಆಳ ತಿಳಿಯುತ್ತದೆ. ಹುಣ್ಣಿಮೆಯ ದಿನ ನೆರಳೇ ಇಲ್ಲದೆ ಎಲ್ಲ ಚಪ್ಪಟೆಯಾಗಿ ಕಾಣುತ್ತದೆ.

ಹೆಚ್ಚು ಕತ್ತಲೆ ಬೇಕಾದಾಗ ಸಸಿಹಿತ್ಲು, ಪಡುಬಿದ್ರಿ, ಕಾಪು ಕಡೆಯ ಕಡಲ ಕಿನಾರೆಗೆ ಯಾರನ್ನಾದರೂ ಜೊತೆ ಮಾಡಿಕೊಂಡು ಹೋಗಿ. ಪಶ್ಚಿಮದಲ್ಲಿ ಸಮುದ್ರವಿರುವುದರಿಂದ ಆ ದಿಕ್ಕಿನಲ್ಲಿ ಊರಿನ ಬೆಳಕಿಲ್ಲ, ಗುಡ್ಡ-ಮರಗಳ ಅಡ್ಡಿಯೂ ಇಲ್ಲ. ಸೂರ್ಯಾಸ್ತದ ಬೆನ್ನಿಗೇ ಮುಳುಗುವ ಬುಧ ಗ್ರಹವನ್ನು ಹಿಡಿಯಲು ನಮ್ಮ ಕರಾವಳಿಯಂಥ ಜಾಗ ಅಪರೂಪ. 2024ರ ಅಕ್ಟೋಬರದಲ್ಲಿ ಕಾಣಿಸಿಕೊಂಡ ಧೂಮಕೇತುವೂ ಸಂಜೆಯ ಪಡುವಣ ಆಕಾಶದಲ್ಲೇ ಇತ್ತು. ಕಾಪುವಿನಲ್ಲಿ 1901ರ ದೀಪಸ್ತಂಭದ ಬೆಳಕು ಸುತ್ತುತ್ತಿರುವುದರಿಂದ ಅದರಿಂದ ಸಾಕಷ್ಟು ದೂರ ನಡೆದು ಕುಳಿತುಕೊಳ್ಳಿ. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು, ಮೊಬೈಲನ್ನು ಒಂದು ಸಲ ನೋಡಿದರೆ ಆ ಹೊಂದಾಣಿಕೆ ಕೆಡುತ್ತದೆ. ಅಗತ್ಯವಿದ್ದರೆ ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಳ್ಳಿ. ನಮ್ಮಲ್ಲಿ ಸಮುದ್ರದ ತೇವದಿಂದಾಗಿ ಕ್ಷಿತಿಜದಿಂದ ಹತ್ತು ಡಿಗ್ರಿಯವರೆಗೆ ಆಕಾಶ ಮಬ್ಬಾಗಿರುವುದು ಸಹಜ, ಅದನ್ನು ಕಂಡು ನಿರಾಶರಾಗಬೇಡಿ. ಕಿನಾರೆಗಳಲ್ಲಿ ಇತ್ತೀಚೆಗೆ ಏರುತ್ತಿರುವ ಹೈಮಾಸ್ಟ್ ದೀಪಗಳ ಬಗ್ಗೆ ನನಗೆ ನಿಜವಾದ ಕಳವಳವಿದೆ. ನೀಲಿ ಛಾಯೆಯ ಬಿಳಿ ಬೆಳಕು ಗಾಳಿಯಲ್ಲಿ ಹೆಚ್ಚು ಚದುರುತ್ತದೆ. ಬೆಳಕು ಕೆಳಕ್ಕೆ ಮಾತ್ರ ಬೀಳುವಂತೆ ದೀಪಕ್ಕೊಂದು ಮುಚ್ಚಿಗೆ ಹಾಕಿದರೆ ದಾರಿಯೂ ಬೆಳಗುತ್ತದೆ, ಆಕಾಶವೂ ಉಳಿಯುತ್ತದೆ. ಪಂಚಾಯತಿನ ಸಭೆಗಳಲ್ಲಿ ಈ ಮಾತನ್ನು ಎತ್ತಲು ನಿಮ್ಮಂಥ ಯುವಕರು ಮುಂದೆ ಬರಬೇಕು.

ಪ್ರಶ್ನೆ: ಏಳನೆಯ ತರಗತಿಯಲ್ಲಿರುವ ಮಗಳಿಗೆ ಕಳೆದ ವರ್ಷ ಅಂತರ್ಜಾಲದ ಮೂಲಕ ಒಂದು ದೂರದರ್ಶಕ ತರಿಸಿದೆ. 60 ಮಿಲಿಮೀಟರ್ ಮಸೂರದ ಅದು 525 ಪಟ್ಟು ಹಿಗ್ಗಿಸಿ ತೋರಿಸುತ್ತದೆಂದು ಜಾಹೀರಾತಿನಲ್ಲಿತ್ತು. ಚಂದ್ರನ ಹೊರತು ಏನೂ ನೆಟ್ಟಗೆ ಕಾಣಲಿಲ್ಲ. ಮಗಳ ಉತ್ಸಾಹ ಕುಗ್ಗಿದೆ. ಇನ್ನೂ ದೊಡ್ಡದನ್ನು ಕೊಳ್ಳಬೇಕೇ? – ಕುಂದಾಪುರದ ಓದುಗರು

ಉತ್ತರ: ಸದ್ಯಕ್ಕೆ ಬೇಡ. ದೂರದರ್ಶಕದ ಯೋಗ್ಯತೆ ಇರುವುದು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದರಲ್ಲಿ ಅಲ್ಲ, ಎಷ್ಟು ಬೆಳಕನ್ನು ಕೂಡಿಸುತ್ತದೆ ಎಂಬುದರಲ್ಲಿ. ಅಂದರೆ ಮುಂದಿನ ಮಸೂರದ ಅಥವಾ ಕನ್ನಡಿಯ ಅಗಲದಲ್ಲಿ. ಮಿಲಿಮೀಟರಿಗೆ ಎರಡು ಪಟ್ಟು ಎಂಬುದು ಸಾಮಾನ್ಯವಾಗಿ ಒಪ್ಪಿದ ಮಿತಿ. ಆ ಲೆಕ್ಕದಲ್ಲಿ 60 ಮಿಲಿಮೀಟರಿನ ಮಸೂರಕ್ಕೆ 120 ಪಟ್ಟು ಹೆಚ್ಚೆಂದರೆ ಹೆಚ್ಚು; ಅದಕ್ಕೂ ಮೀರಿ ಹಿಗ್ಗಿಸಿದರೆ ದೊಡ್ಡದಾದ ಮಬ್ಬು ಮಾತ್ರ ಸಿಗುತ್ತದೆ. ನಿಮ್ಮ ಉಪಕರಣವನ್ನು ಎಸೆಯಬೇಡಿ. ಅದರೊಡನೆ ಬಂದ ನೇತ್ರಮಸೂರಗಳಲ್ಲಿ ಅತಿ ಹೆಚ್ಚಿನ ಸಂಖ್ಯೆ ಬರೆದಿರುವುದನ್ನು, ಅಂದರೆ 20 ಅಥವಾ 25 ಮಿಲಿಮೀಟರಿನದನ್ನು, ಹಾಕಿ ನೋಡಿ. ಸಂಖ್ಯೆ ಹೆಚ್ಚಾದಷ್ಟೂ ಹಿಗ್ಗುವಿಕೆ ಕಡಿಮೆ, ಚಿತ್ರ ಸ್ಪಷ್ಟ. ಕಾಲುಗಳು ಅಲುಗಾಡುತ್ತಿದ್ದರೆ ಮೂರು ಕಾಲುಗಳ ನಡುವೆ ಮರಳು ತುಂಬಿದ ಚೀಲ ತೂಗುಹಾಕಿ. ಇಷ್ಟರಿಂದಲೇ ಗುರುವಿನ ನಾಲ್ಕು ಚಂದ್ರರು, ಬಾಗಿದ ಸ್ಥಿತಿಯಲ್ಲಿದ್ದಾಗ ಶನಿಯ ಬಳೆ, ಮಹಾವ್ಯಾಧನ ನಡುಪಟ್ಟಿಯ ಕೆಳಗಿನ ನೀಹಾರಿಕೆ ಕಾಣುತ್ತವೆ. ಗೆಲಿಲಿಯೋ 1610ರ ಜನವರಿಯಲ್ಲಿ ಗುರುವಿನ ಆ ಚಂದ್ರರನ್ನು ಕಂಡದ್ದು ಗಾತ್ರದಲ್ಲೂ ಗುಣಮಟ್ಟದಲ್ಲೂ ಇದಕ್ಕಿಂತ ಕೆಳಗಿನ ಉಪಕರಣದಿಂದ. ಮಗಳು ಸತತವಾಗಿ ನಾಲ್ಕು ರಾತ್ರಿ ಅವುಗಳ ಸ್ಥಾನವನ್ನು ಚುಕ್ಕಿಯಿಟ್ಟು ಬರೆಯಲಿ. ಚಂದ್ರರು ಜಾಗ ಬದಲಿಸುವುದನ್ನು ತನ್ನ ಕೈಯ ಚಿತ್ರದಲ್ಲೇ ಕಂಡಾಗ ಕುಗ್ಗಿದ ಉತ್ಸಾಹ ಮರಳುತ್ತದೆಂದು ನನಗೆ ಭರವಸೆಯಿದೆ.

ಮುಂದೆ ಕೊಳ್ಳುವುದಾದರೆ ಮೊದಲು 10x50 ಅಥವಾ 7x50 ಬೈನಾಕ್ಯುಲರ್ ಕೊಳ್ಳಿ. ಮೊದಲನೆಯ ಅಂಕಿ ಹಿಗ್ಗಿಸುವ ಪಟ್ಟು, ಎರಡನೆಯದು ಮಸೂರದ ಅಗಲ. ಕತ್ತಲಿನಲ್ಲಿ ಪೂರ್ತಿ ಅರಳಿದ ಕಣ್ಣಿನ ಪಾಪೆ 7 ಮಿಲಿಮೀಟರ್ ಎಂದಿಟ್ಟುಕೊಂಡರೆ 50 ಮಿಲಿಮೀಟರಿನ ಮಸೂರ ಅದರ ಐವತ್ತು ಪಟ್ಟು ಬೆಳಕು ಕೂಡಿಸುತ್ತದೆ. ಬರಿಗಣ್ಣಿಗೆ ಆರೇಳು ಚುಕ್ಕಿಗಳಾಗಿ ಕಾಣುವ ಕೃತ್ತಿಕೆಯಲ್ಲಿ ಆಗ ಹತ್ತಾರು ನಕ್ಷತ್ರಗಳು ಮೂಡುತ್ತವೆ. 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮಿಡಾ ಗ್ಯಾಲಕ್ಸಿ ಮಂಜಿನ ತುಣುಕಿನಂತೆ ಕಾಣುತ್ತದೆ. ಒಂದೆರಡು ವರ್ಷ ಕಳೆದೂ ಆಸಕ್ತಿ ಉಳಿದರೆ 150 ಮಿಲಿಮೀಟರ್ ಕನ್ನಡಿಯ, ಸರಳವಾದ ಮರದ ಪೀಠದ ಮೇಲೆ ತಿರುಗುವ ಡಾಬ್ಸೋನಿಯನ್ ಬಗೆಯ ದೂರದರ್ಶಕವನ್ನು ಯೋಚಿಸಬಹುದು. ಕೊಳ್ಳುವ ಮೊದಲು ಬೇರೆಯವರ ಉಪಕರಣದಲ್ಲಿ ನೋಡುವುದು ಅವಶ್ಯ. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರ ಸಂಘದವರನ್ನು ಕಾಣಿ. ಮಂಗಳೂರಿನ ಪಿಲಿಕುಳದಲ್ಲಿ 2018ರಲ್ಲಿ ಆರಂಭವಾದ ಸ್ವಾಮಿ ವಿವೇಕಾನಂದ ತಾರಾಲಯವಿದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ನಿಜವಾದ ಆಕಾಶ ಮುಚ್ಚಿರುವಾಗ ಮಗಳನ್ನು ಅಲ್ಲಿಗೆ ಕರೆದೊಯ್ಯಿರಿ.

ಕರಾವಳಿಯವರಿಗೆಂದೇ ಒಂದು ಮಾತು. ನಮ್ಮ ಮಳೆಗಾಲದಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯುತ್ತದೆ, ಒಮ್ಮೆ ಒಳಹೊಕ್ಕ ಮೇಲೆ ತೆಗೆಯುವುದು ಕಷ್ಟ. ಚರ್ಮದ ಅಥವಾ ಬಟ್ಟೆಯ ಚೀಲದಲ್ಲಿಟ್ಟು ಕಪಾಟಿಗೆ ಸೇರಿಸಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಟ್ಟು, ಪೊಟ್ಟಣಗಳನ್ನು ಆಗಾಗ ಒಣಗಿಸಿ. ಹಾಗೆಯೇ ಮಗಳು ಯಾವ ಕಾರಣಕ್ಕೂ ಈ ಉಪಕರಣಗಳನ್ನು ಸೂರ್ಯನತ್ತ ತಿರುಗಿಸಬಾರದು. ಕ್ಷಣಮಾತ್ರದಲ್ಲಿ ಕಣ್ಣು ಹೋಗುತ್ತದೆ. 2019ರ ಡಿಸೆಂಬರ್ 26ರ ಬೆಳಿಗ್ಗೆ ಮಂಗಳೂರಿನಲ್ಲಿ ಕಂಕಣ ಸೂರ್ಯಗ್ರಹಣವಾದಾಗ ನಾವು ಮರದ ಕೆಳಗಿನ ನೆರಳನ್ನು ನೋಡಿದೆವು. ಎಲೆಗಳ ಸಂದಿಯಿಂದ ಇಳಿದ ಪ್ರತಿಯೊಂದು ಬೆಳಕಿನ ಚುಕ್ಕೆಯೂ ನೆಲದ ಮೇಲೆ ಒಂದೊಂದು ಉಂಗುರವಾಗಿತ್ತು.

ಪ್ರಶ್ನೆ: ನಾವು ಮಲ್ಪೆಯವರು. ತಂದೆಯವರು ಮೊದಲು ಮೀನುಗಾರಿಕೆಗೆ ಹೋಗುತ್ತಿದ್ದಾಗ ಧ್ರುವ ನಕ್ಷತ್ರ ನೋಡಿ ದಿಕ್ಕು ತಿಳಿಯುತ್ತಿದ್ದರಂತೆ. ನಾನು ಎಷ್ಟು ಹುಡುಕಿದರೂ ಉತ್ತರದಲ್ಲಿ ದೊಡ್ಡ ನಕ್ಷತ್ರ ಕಾಣುತ್ತಿಲ್ಲ. ಇನ್ನೊಂದು ಪ್ರಶ್ನೆ: ಒಂದು ರಾತ್ರಿ ದೀಪಗಳ ಸಾಲೊಂದು ಒಂದರ ಹಿಂದೆ ಒಂದರಂತೆ ಸದ್ದಿಲ್ಲದೆ ಸಾಗಿಹೋಯಿತು. ಅದೇನು?

ಉತ್ತರ: ಎರಡನೆಯದು ಸ್ಪೇಸ್‌ಎಕ್ಸ್ ಸಂಸ್ಥೆಯ ಸ್ಟಾರ್‌ಲಿಂಕ್ ಅಂತರ್ಜಾಲ ಉಪಗ್ರಹಗಳಿರಬೇಕು. 2019ರ ಮೇ ತಿಂಗಳಿನಿಂದ ಅವನ್ನು ಹತ್ತಾರರ ಗುಂಪಿನಲ್ಲಿ ಹಾರಿಸುತ್ತಿದ್ದಾರೆ. ಉಡಾವಣೆಯಾದ ಕೆಲವು ದಿನ ಅವು ಸಾಲಾಗಿ ಕಾಣುತ್ತವೆ, ಆಮೇಲೆ ದೂರ ದೂರ ಸರಿಯುತ್ತವೆ.

ಧ್ರುವ ನಕ್ಷತ್ರ ಅತ್ಯಂತ ಪ್ರಕಾಶಮಾನವಾದುದೆಂಬ ನಂಬಿಕೆಯಿಂದ ಅನೇಕರು ನಿಮ್ಮಂತೆಯೇ ಹುಡುಕಿ ಸೋಲುತ್ತಾರೆ. ಅದು ಪ್ರಕಾಶದ ಲೆಕ್ಕದಲ್ಲಿ ಎರಡನೆಯ ದರ್ಜೆಯ ಸಾಧಾರಣ ನಕ್ಷತ್ರ. ಅದರ ಹಿರಿಮೆ ಬೆಳಕಿನಲ್ಲಿಲ್ಲ, ಭೂಮಿಯ ಅಕ್ಷದ ನೇರಕ್ಕೆ ಒಂದು ಡಿಗ್ರಿಗಿಂತ ಕಡಿಮೆ ಅಂತರದಲ್ಲಿ ಇರುವುದರಲ್ಲಿದೆ. ಒಂದು ಊರಿನ ಅಕ್ಷಾಂಶ ಎಷ್ಟೋ ಸುಮಾರು ಅಷ್ಟೇ ಡಿಗ್ರಿ ಎತ್ತರದಲ್ಲಿ ಅದು ಅಲ್ಲಿ ಕಾಣುತ್ತದೆ. ಉಡುಪಿಯ ಅಕ್ಷಾಂಶ 13 ಡಿಗ್ರಿ 20 ನಿಮಿಷ. ಮೊದಲ ಉತ್ತರದಲ್ಲಿ ಬಂದ ನಕ್ಷತ್ರ ವಿಭಾಗದ ಅಳತೆಯೂ ಇದೇ. ಎರಡಕ್ಕೂ ಸಂಬಂಧವಿಲ್ಲದಿದ್ದರೂ ನೆನಪಿಡಲು ಅನುಕೂಲ. ಕೈಯನ್ನು ಪೂರ್ತಿ ಮುಂದೆ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಉತ್ತರದ ಕ್ಷಿತಿಜದ ಮೇಲೆ ಒಂದು ಮುಷ್ಟಿ, ಅದರ ಮೇಲೆ ಎರಡು ಬೆರಳು ಇಟ್ಟಲ್ಲಿಗೆ ಅದು ಸಿಗಬೇಕು. ಸಪ್ತರ್ಷಿ ಮಂಡಲ ಮೇಲಿರುವಾಗ ಅದರ ಮುಂದಿನ ಎರಡು ನಕ್ಷತ್ರಗಳ ಗೆರೆಯನ್ನು ಐದು ಪಟ್ಟು ಬೆಳೆಸಿ ಖಚಿತಪಡಿಸಿಕೊಳ್ಳಿ.

ತಂದೆಯವರ ವಿದ್ಯೆ ಬಹಳ ಹಳೆಯದು. ಮಂಗಳೂರು, ಬಸ್ರೂರುಗಳಿಗೆ ಹಾಯಿಹಡಗಿನಲ್ಲಿ ವ್ಯಾಪಾರಕ್ಕೆ ಬರುತ್ತಿದ್ದ ಕಾಲದ ಅರಬ್ ನಾವಿಕರು ಕಮಾಲ್ ಎಂಬ ಸಣ್ಣ ಮರದ ಹಲಗೆಯನ್ನು ಬಳಸುತ್ತಿದ್ದರು. ಹಲಗೆಯ ನಡುವಿನಿಂದ ಹೊರಟ ದಾರದಲ್ಲಿ ಗಂಟುಗಳಿರುತ್ತಿದ್ದವು. ಗಂಟನ್ನು ಹಲ್ಲಿನಲ್ಲಿ ಕಚ್ಚಿ ದಾರವನ್ನು ಬಿಗಿಯಾಗಿ ಹಿಡಿದಾಗ ಹಲಗೆಯ ಕೆಳಗಿನ ಅಂಚು ಕ್ಷಿತಿಜವನ್ನೂ ಮೇಲಿನ ಅಂಚು ಧ್ರುವವನ್ನೂ ಮುಟ್ಟಿದರೆ, ಆ ಗಂಟಿನ ಬಂದರಿನ ನೇರಕ್ಕೆ ಬಂದೆವೆಂದು ತಿಳಿದು ಹಡಗನ್ನು ಪೂರ್ವಕ್ಕೆ ತಿರುಗಿಸುತ್ತಿದ್ದರು. ತಂದೆಯವರು ಮುಂಬಯಿಯ ಕಡೆಗೆ ಹೋದದ್ದಿದ್ದರೆ ಕೇಳಿ ನೋಡಿ. ಅಲ್ಲಿ ಧ್ರುವ 19 ಡಿಗ್ರಿ ಎತ್ತರದಲ್ಲಿರುತ್ತದೆ.

ಈ ಸ್ಥಾನವೂ ಶಾಶ್ವತವಲ್ಲ. ಭೂಮಿಯ ಅಕ್ಷ ನಿಧಾನಗೊಂಡ ಬುಗುರಿಯಂತೆ ಓಲಾಡುತ್ತ ಸುಮಾರು 26,000 ವರ್ಷಗಳಿಗೊಮ್ಮೆ ಒಂದು ಸುತ್ತು ತಿರುಗುತ್ತದೆ, 72 ವರ್ಷಕ್ಕೆ ಒಂದು ಡಿಗ್ರಿಯಂತೆ. ಹಗಲು-ಇರುಳು ಸಮನಾಗುವುದು ಮಾರ್ಚ್ 20-21ಕ್ಕಾದರೂ ನಾವು ಬಿಸು ಹಬ್ಬ ಆಚರಿಸುವುದು ಏಪ್ರಿಲ್ 14ರ ಸುಮಾರಿಗೆ. ಹಿಂದೊಮ್ಮೆ ಕೂಡಿಬರುತ್ತಿದ್ದ ಇವೆರಡರ ನಡುವೆ ಈ ಇಪ್ಪತ್ತನಾಲ್ಕು ದಿನಗಳ ಅಂತರ ಬೆಳೆದದ್ದು ಆ ಓಲಾಟದಿಂದಲೇ.

ಪ್ರಶ್ನೆ: ನಮ್ಮ ಮದುವೆಯಲ್ಲಿ ಪುರೋಹಿತರು ಮಧ್ಯಾಹ್ನವೇ ಅರುಂಧತಿ ನಕ್ಷತ್ರ ತೋರಿಸಿದರು, ನಾವಿಬ್ಬರೂ ಆಕಾಶ ನೋಡಿ ಕೈಮುಗಿದೆವು. ಹತ್ತು ವರ್ಷಗಳ ಬಳಿಕ ಈಗ ನಿಜವಾಗಿಯೂ ನೋಡಬೇಕೆಂಬ ಆಸೆಯಾಗಿದೆ. ಯಾವಾಗ, ಎಲ್ಲಿ ನೋಡಬೇಕು? – ಮೂಲ್ಕಿಯ ದಂಪತಿ

ಉತ್ತರ: ಮೇ ತಿಂಗಳ ಮಧ್ಯಭಾಗದಲ್ಲಿ, ರಾತ್ರಿ ಹತ್ತರ ಸುಮಾರಿಗೆ, ಚಂದ್ರನಿಲ್ಲದ ಒಂದು ದಿನವನ್ನು ಆರಿಸಿಕೊಂಡು ಇಬ್ಬರೂ ಉತ್ತರಕ್ಕೆ ಮುಖ ಮಾಡಿ ನಿಲ್ಲಿ. ಕ್ಷಿತಿಜಕ್ಕೂ ನಡುನೆತ್ತಿಗೂ ನಡುವೆ ಸಪ್ತರ್ಷಿ ಮಂಡಲದ ಏಳು ನಕ್ಷತ್ರಗಳು ಹರಡಿಕೊಂಡಿರುತ್ತವೆ. ಬಾಲದ ತುದಿಯಿಂದ ಎರಡನೆಯದು ವಸಿಷ್ಠ. ಅದಕ್ಕೆ ಅಂಟಿಕೊಂಡಂತೆ ಇರುವ ಮಂಕು ಚುಕ್ಕಿಯೇ ಅರುಂಧತಿ. ಮೊದಲು ಕಾಣದಿದ್ದರೆ ನೇರ ದಿಟ್ಟಿಸದೆ ಸ್ವಲ್ಪ ಪಕ್ಕಕ್ಕೆ ನೋಡಿ. ಕಣ್ಣಿನ ಅಂಚಿನ ಭಾಗಕ್ಕೆ ಮಂದ ಬೆಳಕನ್ನು ಗ್ರಹಿಸುವ ಶಕ್ತಿ ಹೆಚ್ಚು. ಇಬ್ಬರೂ ನಮ್ಮಿಂದ ಸುಮಾರು 80 ಜ್ಯೋತಿರ್ವರ್ಷ ದೂರದಲ್ಲಿದ್ದಾರೆ, ಅಂದರೆ ನೀವು ಕಾಣುವ ಬೆಳಕು ನಿಮ್ಮ ಅಜ್ಜ-ಅಜ್ಜಿಯರ ಕಾಲದಲ್ಲಿ ಹೊರಟದ್ದು. ದೂರದರ್ಶಕದಲ್ಲಿ ವಸಿಷ್ಠನೂ ಎರಡಾಗಿ ಒಡೆಯುತ್ತಾನೆ.

ಅಲ್ಲಿಯೇ ಹಿಂದಕ್ಕೆ ತಿರುಗಿ ದಕ್ಷಿಣಕ್ಕೆ ನೋಡಿ. ಕ್ಷಿತಿಜದಿಂದ ಒಂದೂವರೆ ಮುಷ್ಟಿ ಎತ್ತರದಲ್ಲಿ, ಸಮುದ್ರದ ಮಬ್ಬು ಇಲ್ಲದ ರಾತ್ರಿ, ನಾಲ್ಕು ನಕ್ಷತ್ರಗಳ ಪುಟ್ಟ ಶಿಲುಬೆಯಾಕಾರ ಕಾಣುತ್ತದೆ. ಅದು ತ್ರಿಶಂಕು. ದೆಹಲಿಯವರಿಗೆ ಅದು ಪೂರ್ತಿಯಾಗಿ ಮೇಲೇರುವುದೇ ಇಲ್ಲ. ವಸಿಷ್ಠರು ಒಲ್ಲೆನೆಂದ ಮೇಲೆ ವಿಶ್ವಾಮಿತ್ರರು ಸ್ವರ್ಗಕ್ಕೆ ಕಳಿಸಲು ಹೊರಟ ತ್ರಿಶಂಕುವಿನ ಕಥೆ ನಿಮಗೆ ಗೊತ್ತು. ನಮ್ಮ ಊರಿನಲ್ಲಿ ಆ ಹೊತ್ತಿಗೆ ವಸಿಷ್ಠರು ಬಡಗಣದಲ್ಲೂ ತ್ರಿಶಂಕು ತೆಂಕಣದಲ್ಲೂ ಎದುರುಬದುರಾಗಿ ನಿಂತಿರುತ್ತಾರೆ. ಪತ್ತನಾಜೆಯ (ತುಳುವರ ಬೇಶ ತಿಂಗಳ ಹತ್ತನೆಯ ದಿನ, ಮೇ 24ರ ಸುಮಾರು) ಒಳಗೆ ನೋಡಿಬಿಡಿ. ಆಮೇಲೆ ರೋಹಿಣಿ ಮಳೆಯ ಮೋಡ ಶುರುವಾಗುತ್ತದೆ.